ಬಸ್ಸಿಳಿದು ಹಿಡಿಯುವ ಕಡಲ ಹಾದಿ



ಕುಮಟಾ ಬಸ್ ನಿಲ್ದಾಣದಿಂದ ಗೋಕರ್ಣಕ್ಕೆ ರಸ್ತೆಯ ಮೇಲೆ ಸುಮಾರು 30 ಕಿಲೋಮೀಟರ್. ಬಸ್ಸು ಒಂದು ತಾಸಿನ ಆಚೀಚೆ ಮುಟ್ಟಿಸುತ್ತದೆ. ಇವೇ ಎರಡು ಊರುಗಳ ನಡುವೆ ಕಡಲಂಚಿನಲ್ಲಿ ಇನ್ನೊಂದು ಹಾದಿಯಿದೆ. ಅದನ್ನು ಕಾಲ್ನಡಿಗೆಯಲ್ಲಿ ಮುಗಿಸಲು ಎರಡು ದಿನ ಬೇಕು. ಆ ಹಾದಿಗೆ ಹೆಸರಿಲ್ಲ, ಮೈಲಿಗಲ್ಲುಗಳಿಲ್ಲ. ಅದು ಹೇಗೆ ಹುಟ್ಟಿತು, ಯಾರ ಕಾಲಿನಿಂದ ಉಳಿಯಿತು, ಮುಂದೆಯೂ ಉಳಿಯಬೇಕಾದರೆ ಏನಾಗಬೇಕು ಎಂಬುದು ಇಂದಿನ ಮಾತಿನ ವಿಷಯ.

ಮೊದಲು ನೆಲದ ಸ್ವರೂಪವನ್ನು ಗಮನಿಸಬೇಕು. ಉತ್ತರ ಕನ್ನಡದಲ್ಲಿ ಸಹ್ಯಾದ್ರಿಯು ಕಡಲಿಗೆ ಬಹಳ ಹತ್ತಿರ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಘಟ್ಟವಿಳಿದು ಅರಬ್ಬಿ ಸಮುದ್ರವನ್ನು ಸೇರುತ್ತವೆ. ಈ ನದೀಮುಖಗಳ ನಡುವೆ ಚಿರೇಕಲ್ಲಿನ ಗುಡ್ಡಗಳು ನೀರಿನ ತನಕ ಚಾಚಿಕೊಂಡಿವೆ. ಎರಡು ಗುಡ್ಡಗಳ ನಡುವೆ ಬಿಲ್ಲಿನಂತೆ ಬಾಗಿದ ಮರಳ ದಂಡೆ. ಆದ್ದರಿಂದ ಇಲ್ಲಿ ನಡೆಯುವವನಿಗೆ ಮೊದಲು ಮರಳು, ಆಮೇಲೆ ಗುಡ್ಡದ ಏರು, ಮತ್ತೆ ಮರಳು, ಕೊನೆಗೆ ಹೊಳೆ ಮತ್ತು ದೋಣಿ. ಸೇತುವೆಗಳು ಬರುವ ಮುಂಚೆ ಕರಾವಳಿಯ ಪ್ರಯಾಣವೆಂದರೆ ಬಹುಮಟ್ಟಿಗೆ ಇದೇ ಆಗಿತ್ತು.

1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಸಮೀಕ್ಷೆಗೆಂದು ಹೊರಟ ಫ್ರಾನ್ಸಿಸ್ ಬುಕನನ್ ಈ ಸೀಮೆಯಲ್ಲಿ ಸಂಚರಿಸಿದ. ಬೆಳೆ, ಮಣ್ಣು, ಜನ, ವ್ಯಾಪಾರ ಎಲ್ಲವನ್ನೂ ಬರೆದುಕೊಂಡ. ಅವನ ಪ್ರವಾಸದ ಗ್ರಂಥ 1807ರಲ್ಲಿ ಅಚ್ಚಾಯಿತು. ಚಿರೇಕಲ್ಲಿಗೆ ಇಂದು ಜಗತ್ತಿನ ಭೂವಿಜ್ಞಾನಿಗಳು ಬಳಸುವ ‘ಲ್ಯಾಟರೈಟ್’ ಎಂಬ ಹೆಸರನ್ನು ಕೊಟ್ಟವನೂ ಅವನೇ. ಹತ್ತೊಂಬತ್ತನೆಯ ಶತಮಾನದಲ್ಲಿ ಕುಮಟೆ ದೊಡ್ಡ ಬಂದರಾಗಿ ಬೆಳೆಯಿತು. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಇಲ್ಲಿಂದ ಹಡಗೇರುತ್ತಿತ್ತು. ಹೊರದೇಶದ ಪೇಟೆಗಳಲ್ಲಿ ಅದಕ್ಕೆ ಕುಮಟೆಯ ಹತ್ತಿ ಎಂಬ ಹೆಸರೇ ಬಿದ್ದಿತ್ತು. ರೈಲು ಬಂದ ಮೇಲೆ ಹತ್ತಿ ಬೇರೆ ದಾರಿ ಹಿಡಿಯಿತು. ಹೆದ್ದಾರಿ, ಸೇತುವೆಗಳಾದ ಮೇಲೆ ಪ್ರಯಾಣಿಕರೂ ಕಡಲಂಚನ್ನು ಬಿಟ್ಟು ಒಳಗೆ ಸರಿದರು. ಕಾಲುದಾರಿ ಮಾತ್ರ ಹಾಗೇ ಉಳಿಯಿತು. ಬಲೆ ಎಳೆಯುವವರು, ಬಳಚು ಆರಿಸುವ ಹೆಂಗಸರು, ಶಾಲೆಗೆ ಹೋಗುವ ಮಕ್ಕಳು, ದೇವರಿಗೆ ಹೊರಟವರು ಅದನ್ನು ಸವೆಸುತ್ತಲೇ ಬಂದರು.

ಹಾಗಾದರೆ ಬಸ್ಸಿಗೂ ಈ ಕಾಲುದಾರಿಗೂ ಏನು ಸಂಬಂಧ? ಸ್ವಂತ ಕಾರಿನಲ್ಲಿ ಬಂದವನು ಎಲ್ಲಿ ಹೋದರೂ ಕಾರಿನ ಬಳಿಗೇ ಮರಳಬೇಕು. ಅರ್ಧ ನಡೆದು ಅರ್ಧ ಹಿಂತಿರುಗುವುದಷ್ಟೇ ಅವನ ಪಾಲಿಗೆ. ಬಸ್ಸಿನವನಿಗೆ ಆ ಹಂಗಿಲ್ಲ. ಗೋಕರ್ಣದಲ್ಲಿ ಇಳಿದು, ಕುಮಟೆಯಲ್ಲಿ ಹತ್ತಬಹುದು. ದಾರಿ ಮಧ್ಯೆ ದಣಿದರೆ ತದಡಿಯಂಥ ಊರಿನಲ್ಲಿ ಮತ್ತೊಂದು ಬಸ್ಸು ಸಿಗುತ್ತದೆ. ಹಳ್ಳಿಯಲ್ಲೇ ರಾತ್ರಿ ತಂಗಿ ನಸುಕಿನಲ್ಲಿ ಹೊರಡುವ ವಸ್ತಿ ಬಸ್ಸು, ಮೀನಿನ ಬುಟ್ಟಿ ಹೊತ್ತವರನ್ನೂ ಕಾಲೇಜಿನ ಹುಡುಗರನ್ನೂ ಪೇಟೆಗೆ ತಲುಪಿಸುವ ಬಸ್ಸು, ನಡೆಯುವವರಿಗೂ ಒದಗಿ ಬರುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ರಾಜ್ಯದ ಮಹಿಳೆಯರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿನ ಖರ್ಚೂ ಇಲ್ಲ. ಕಡಲು ನೋಡುವುದು ಕಾರಿದ್ದವರ ಸವಲತ್ತು ಎಂಬ ಮಾತು ಅಲ್ಲಿಗೆ ಬಿದ್ದುಹೋಗುತ್ತದೆ.

ಈಗ ಹಾದಿಯನ್ನೇ ನೋಡಿ. ಗೋಕರ್ಣದಲ್ಲಿ ಬಸ್ಸಿಳಿದು ಮಹಾಬಲೇಶ್ವರನ ರಥಬೀದಿ ದಾಟಿದರೆ ಕಡಲು. ದಕ್ಷಿಣಕ್ಕೆ ಗುಡ್ಡ ಹತ್ತಿ ಇಳಿದರೆ ಕುಡ್ಲೆ. ಮತ್ತೊಂದು ಗುಡ್ಡದಾಚೆ, ಎರಡು ಬಾಗುಗಳು ಕೂಡಿ ಅಕ್ಷರದಂತೆ ಕಾಣುವ ಓಂ ಕಡಲತೀರ. ಅಲ್ಲಿಂದ ಮುಂದೆ ಹಾಫ್ ಮೂನ್, ಪ್ಯಾರಡೈಸ್ ಎಂದು ಪ್ರವಾಸಿಗರು ಕರೆಯುವ ಸಣ್ಣ ದಂಡೆಗಳು. ಇವುಗಳಿಗೆ ಗುಡ್ಡದ ಕಾಲುದಾರಿ, ಇಲ್ಲವೇ ದೋಣಿಯೇ ಗತಿ. ಆಮೇಲೆ ಬೇಲೆಕಾನ. ಬೇಲೆ ಎಂದರೆ ಕಡಲ ದಂಡೆ, ಕಾನ ಎಂದರೆ ಕಾಡು. ಊರಿನ ಹೆಸರೇ ಅಲ್ಲಿನ ನೆಲವನ್ನು ಹೇಳಿಬಿಡುತ್ತದೆ. ಮುಂದಿನದು ತದಡಿಯ ಮೀನುಗಾರಿಕೆ ಬಂದರು. ಇಲ್ಲಿ ಅಘನಾಶಿನಿ ಹೊಳೆ ಅಡ್ಡವಾಗುತ್ತದೆ. ದೋಣಿಯಲ್ಲಿ ದಾಟಿದರೆ ಆಚೆಯ ದಡದಲ್ಲಿ ಹೊಳೆಯದೇ ಹೆಸರಿನ ಊರು. ಅಲ್ಲಿಂದ ಬಾಡ, ಕಡ್ಲೆ, ವನ್ನಳ್ಳಿಯ ದಂಡೆಗಳನ್ನು ಹಿಡಿದು ಕುಮಟೆ.

ದೋಣಿ ದಾಟುವಾಗ ಎಡಕ್ಕೆ ಕಾಣುವ ಅಳಿವೆ ಸಾಮಾನ್ಯವಾದುದಲ್ಲ. ಅಘನಾಶಿನಿ ಇಂದಿಗೂ ದೊಡ್ಡ ಅಣೆಕಟ್ಟು ಕಾಣದ ನದಿ. ಸಿಹಿನೀರು ತಡೆಯಿಲ್ಲದೆ ಬಂದು ಉಪ್ಪುನೀರಿನೊಡನೆ ಬೆರೆಯುವುದರಿಂದಲೇ ಇಲ್ಲಿ ಬಳಚು, ಸಿಗಡಿ, ಏಡಿ, ಕಾಂಡ್ಲಾ ಗಿಡ ಎಲ್ಲವೂ ಇವೆ. ಇಳಿತದ ಹೊತ್ತಿನಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬಳಚು ಆರಿಸುವವರನ್ನು ಕಾಣಬಹುದು. ಅಂಚಿನ ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಿತ್ತು. ಈಗ ಕೆಲವೆಡೆ ಮಾತ್ರ ಉಳಿದಿದೆ. ಸಮೀಪದ ಸಾಣಿಕಟ್ಟೆಯಲ್ಲಿ ಇದೇ ನೀರಿನಿಂದ ಉಪ್ಪು ತೆಗೆಯುತ್ತಾರೆ. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು.

ಉಪ್ಪಿನ ಮಾತು ಬಂದಾಗ ಪಕ್ಕದ ಅಂಕೋಲೆಯನ್ನು ನೆನೆಯಬೇಕು. ಗಾಂಧೀಜಿ ದಂಡಿಯಲ್ಲಿ ಉಪ್ಪು ಹಿಡಿದದ್ದು 1930ರ ಏಪ್ರಿಲ್ 6ರಂದು. ಒಂದೇ ವಾರದಲ್ಲಿ, ಏಪ್ರಿಲ್ 13ರಂದು, ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯ ಜನ ಕಡಲಿಗೆ ನಡೆದು ಕಾನೂನು ಮುರಿದರು. ಕಡಲ ನೀರು, ಕಡಲ ದಂಡೆ ಯಾರದು ಎಂಬ ಪ್ರಶ್ನೆಯನ್ನು ಈ ಜಿಲ್ಲೆಯ ಜನ ಅಂದೇ ಕಾಲಿನಿಂದ ಕೇಳಿದ್ದರು.

ಅದೇ ಪ್ರಶ್ನೆ ಇಂದು ಬೇರೆ ರೂಪದಲ್ಲಿ ಎದುರಾಗಿದೆ. 1991ರ ಫೆಬ್ರುವರಿಯ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗಿನ ನೆಲವನ್ನು ನಿಯಂತ್ರಣಕ್ಕೆ ತಂದಿತು. ಗ್ರಾಮೀಣ ಭಾಗದಲ್ಲಿ ಮೊದಲ 200 ಮೀಟರಿನಲ್ಲಿ ಹೊಸ ಕಟ್ಟಡ ಕೂಡದೆಂದಿತು. 2019ರ ಅಧಿಸೂಚನೆ ಜನದಟ್ಟಣೆಯ ಗ್ರಾಮಗಳಲ್ಲಿ ಇದನ್ನು 50 ಮೀಟರಿಗೆ ಇಳಿಸಿದೆ. ಕಡಲ ದಂಡೆಯಂಥ ಸಂಪತ್ತಿಗೆ ಸರಕಾರ ಒಡೆಯನಲ್ಲ, ಜನರ ಪರವಾದ ವಿಶ್ವಸ್ಥ ಮಾತ್ರ ಎಂದು ಸರ್ವೋಚ್ಚ ನ್ಯಾಯಾಲಯ 1996ರ ತೀರ್ಪಿನಲ್ಲಿ ಹೇಳಿದೆ. ಅಂದರೆ ಮರಳು ಎಲ್ಲರದು. ಆದರೆ ಬಸ್ ನಿಲ್ದಾಣದಿಂದ ಮರಳಿಗೆ ಹೋಗುವ ಓಣಿ ಯಾರದು? ಗುಡ್ಡದ ಮೇಲಿನ ಕಾಲುದಾರಿ ಯಾರದು? ತೋಟ, ಬೇಣ, ಹಿತ್ತಿಲುಗಳ ನಡುವೆ ಬಾಯಿಮಾತಿನ ಒಪ್ಪಿಗೆಯಿಂದ ಉಳಿದ ಹಾದಿಗಳಿವು. ಜಾಗ ಕೈ ಬದಲಾಗಿ ಬೇಲಿ ಬಿದ್ದರೆ ಕೇಳುವವರಿಲ್ಲ. ದಂಡೆಯ ಮೇಲೆ ಎಲ್ಲರಿಗೂ ಹಕ್ಕಿರುತ್ತದೆ, ಅಲ್ಲಿಗೆ ತಲುಪುವ ದಾರಿ ಮಾತ್ರ ಇರುವುದಿಲ್ಲ.

ಬೇರೆ ದೇಶಗಳು ಇದಕ್ಕೆ ಉತ್ತರ ಹುಡುಕಿವೆ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 1949ರ ಕಾಯಿದೆಯ ಪ್ರಕಾರ ಸ್ಥಳೀಯ ಆಡಳಿತಗಳು ಸಾರ್ವಜನಿಕ ಕಾಲುದಾರಿಗಳನ್ನು ನಕ್ಷೆಯಲ್ಲಿ ದಾಖಲಿಸಬೇಕಾಯಿತು. ದಾಖಲಾದ ದಾರಿಗೆ ಬೇಲಿ ಹಾಕುವಂತಿಲ್ಲ. 2012ರಲ್ಲಿ ವೇಲ್ಸ್ ತನ್ನ ಕರಾವಳಿಯುದ್ದಕ್ಕೂ 870 ಮೈಲಿಯ ನಡಿಗೆದಾರಿಯನ್ನು ತೆರೆಯಿತು. ಅಲ್ಲಿನ ಪೆಂಬ್ರೋಕ್‌ಶೈರ್‌ನಲ್ಲಿ ನಡೆಯುವವರಿಗಾಗಿಯೇ ಹಳ್ಳಿಯಿಂದ ಹಳ್ಳಿಗೆ ಸಣ್ಣ ಬಸ್ಸುಗಳು ಓಡುತ್ತವೆ. ಇಲ್ಲಿ ಬಸ್ಸು ಆಗಲೇ ಇದೆ, ದಾರಿಯೂ ಇದೆ. ಇಲ್ಲದಿರುವುದು ದಾಖಲೆ ಮಾತ್ರ.

ನಡೆಯಲು ಹೊರಡುವವರಿಗೆ ಎರಡು ಎಚ್ಚರಿಕೆ. ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಈ ಹಾದಿ ಬೇಡ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳೇ ಕಡಲಿಗಿಳಿಯುವುದಿಲ್ಲ. ಗುಡ್ಡದ ಕಲ್ಲು ಪಾಚಿಗಟ್ಟಿ ಜಾರುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಬಂಡೆಯ ಬುಡದಲ್ಲಿ ಹೋಗಬಹುದೋ, ಮೇಲಿನಿಂದಲೇ ಹೋಗಬೇಕೋ ಎಂಬುದನ್ನು ಅಲ್ಲಿನ ಮೀನುಗಾರರನ್ನು ಕೇಳಿ ತಿಳಿಯುವುದೇ ಸರಿ. ಹಾಗೆಯೇ ಕೊನೆಯ ಬಸ್ಸಿನ ಹೊತ್ತನ್ನು ಬೆಳಿಗ್ಗೆಯೇ ನಿರ್ವಾಹಕರನ್ನು ಕೇಳಿಟ್ಟುಕೊಳ್ಳಬೇಕು.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಕರಾವಳಿಯ ಪ್ರತಿ ಗ್ರಾಮ ಪಂಚಾಯಿತಿ ತನ್ನ ಊರಿನ ಬಸ್ ನಿಲ್ದಾಣದಿಂದ ದಂಡೆಗೆ ಹೋಗುವ ಓಣಿಗಳನ್ನು, ದಂಡೆಯಿಂದ ದಂಡೆಗೆ ದಾಟುವ ಗುಡ್ಡದ ಹಾದಿಗಳನ್ನು ಹಿರಿಯರಿಂದ ಕೇಳಿ ಪಟ್ಟಿ ಮಾಡಬಹುದು. ಗ್ರಾಮಸಭೆಯ ಒಪ್ಪಿಗೆ ಪಡೆದು ನಕ್ಷೆಗೆ ಏರಿಸಬಹುದು. ಆ ಹಾದಿಗಳಲ್ಲಿ ಬಾಲ್ಯದಿಂದ ನಡೆದವರು ಇನ್ನೂ ಊರುಗಳಲ್ಲಿದ್ದಾರೆ. ಅವರನ್ನು ಕೇಳಲು ಇದು ಸಕಾಲ.