ಚುಕ್ಕೆ ನಾಯಿಯ ಮೂತ್ರಕಲ್ಲು

ಬಿಳಿ ಮೈಮೇಲೆ ಕಪ್ಪು ಚುಕ್ಕೆಯ ಡಾಲ್ಮೇಶನ್ ನಾಯಿಯನ್ನು ನೀವು ನೋಡಿರುತ್ತೀರಿ. ನೂರೊಂದು ಮರಿಗಳ ಸಿನಿಮಾ ನೋಡಿದ ಮಕ್ಕಳಿಗಂತೂ ಹೇಳುವುದೇ ಬೇಡ. ಈ ತಳಿಗೆ ಮೂತ್ರಕಲ್ಲಿನ ಕಾಟ ಹೆಚ್ಚು. ಗಂಡು ನಾಯಿಯ ಮೂತ್ರನಾಳ ಕಿರಿದು. ಕಲ್ಲು ಅಲ್ಲಿ ಸಿಕ್ಕಿಕೊಂಡರೆ ಉಚ್ಚೆ ಕಟ್ಟಿ ಜೀವಕ್ಕೇ ಕುತ್ತು.

ಬೇರೆ ನಾಯಿಗಳ ಪಿತ್ತಜನಕಾಂಗ ಯೂರಿಕ್ ಆಮ್ಲವನ್ನು ಸುಲಭವಾಗಿ ಕರಗುವ ಅಲಾಂಟಾಯಿನ್ ಆಗಿ ಮಾರ್ಪಡಿಸುತ್ತದೆ. ಆ ಕೆಲಸದ ಕಿಣ್ವ ಡಾಲ್ಮೇಶನ್‌ಗೂ ಇದೆ. ಆಮ್ಲವನ್ನು ಜೀವಕೋಶದೊಳಕ್ಕೆ ಸಾಗಿಸುವ ವ್ಯವಸ್ಥೆ ಮಾತ್ರ ಕೆಟ್ಟಿದೆ. ಗಿರಣಿ ಸರಿಯಿದೆ, ಕಾಳು ಒಳಗೆ ಬೀಳುತ್ತಿಲ್ಲ.

ಇದು ವಂಶವಾಹಿಯ ದೋಷ. ಮರಿಗೆ ತಂದೆಯಿಂದೊಂದು, ತಾಯಿಯಿಂದೊಂದು ಪ್ರತಿ ಬರುತ್ತದೆ. ಎರಡೂ ಕೆಟ್ಟಿದ್ದರೆ ಮಾತ್ರ ತೊಂದರೆ. ಒಂದೇ ಕೆಟ್ಟಿದ್ದರೆ ನಾಯಿ ಆರೋಗ್ಯವಾಗಿರುತ್ತದೆ, ದೋಷವನ್ನು ಮರಿಗಳಿಗೆ ದಾಟಿಸುತ್ತದೆ. ಅಕ್ಕನ ಮಗಳನ್ನೇ ತಂದುಕೊಳ್ಳುವ ನಮ್ಮ ಮನೆಗಳಲ್ಲಿ ಈ ಲೆಕ್ಕ ಕೆಲವರಿಗೆ ಗೊತ್ತಿದ್ದದ್ದೇ. ಇಂಥ ವಾಹಕ ನಾಯಿಯನ್ನು ಕಣ್ಣಳತೆಯಲ್ಲಿ ಗುರುತಿಸಲಾಗದು. ಕೆನ್ನೆಯೊಳಗೆ ಹತ್ತಿಕಡ್ಡಿ ಸವರಿ ಪ್ರಯೋಗಾಲಯಕ್ಕೆ ಕಳಿಸಿದರೆ ತಿಳಿಯುತ್ತದೆ. ವಾಹಕವೆಂದು ಅದನ್ನು ಮೂಲೆಗೆ ತಳ್ಳಬೇಕಿಲ್ಲ. ದೋಷವಿಲ್ಲದ ಜೋಡಿ ಹುಡುಕಿದರೆ ಯಾವ ಮರಿಗೂ ಆ ರೋಗ ಬರದು.

ಡಾಲ್ಮೇಶನ್ ವಿಷಯದಲ್ಲಿ ಆ ಜೋಡಿಯೇ ಇರಲಿಲ್ಲ. ಶುದ್ಧ ತಳಿಯ ನಾಯಿಗಳಲ್ಲೆಲ್ಲ ಎರಡೂ ಪ್ರತಿ ಕೆಟ್ಟಿದ್ದವು. ಕಲ್ಲು ಎಲ್ಲಕ್ಕೂ ಕಟ್ಟುವುದಿಲ್ಲ, ದೋಷ ಎಲ್ಲಕ್ಕೂ ಇತ್ತು.

1973ರಲ್ಲಿ ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ ಡಾಲ್ಮೇಶನ್ನಿಗೆ ಒಂದೇ ಒಂದು ಸಲ ಪಾಯಿಂಟರ್ ನಾಯಿಯನ್ನು ಕೂಡಿಸಿದರು. ಆಮೇಲಿನ ಪ್ರತಿ ತಲೆಮಾರಿಗೂ ಡಾಲ್ಮೇಶನ್ನೇ ಜೋಡಿ. ಸೂಲಿನಲ್ಲಿ ಸರಾಸರಿ ಅರ್ಧ ಮರಿಗಳಿಗೆ ಒಳ್ಳೆಯ ಪ್ರತಿ ಬರುತ್ತಿತ್ತು. ಮೂತ್ರದಲ್ಲಿ ಯೂರಿಕ್ ಆಮ್ಲ ಅಳೆದು ಅವನ್ನು ಆರಿಸುತ್ತಿದ್ದರು. ಹೀಗೆ ಹತ್ತು ತಲೆಮಾರು ದಾಟಿದರೆ ಪಾಯಿಂಟರ್ ರಕ್ತ ಸರಾಸರಿ ಸಾವಿರದಲ್ಲೊಂದು ಪಾಲಿಗೂ ಕಡಿಮೆ.

ಅಮೆರಿಕನ್ ಕೆನೆಲ್ ಕ್ಲಬ್ 1981ರಲ್ಲಿ ಇಂಥ ಎರಡು ನಾಯಿಗಳನ್ನು ನೋಂದಾಯಿಸಿತು. ಕುಲ ಕೆಟ್ಟಿತೆಂದು ಡಾಲ್ಮೇಶನ್ ಸಾಕುವವರೇ ತಕರಾರೆತ್ತಿದರು, ನೋಂದಣಿ ನಿಂತಿತು. ಉಚ್ಚೆ ಕಟ್ಟಿ ನರಳುವ ನಾಯಿಗಿಂತ ವಂಶಾವಳಿಯ ಕಾಗದ ದೊಡ್ಡದಾಯಿತೇ ಎಂದು ನನಗನ್ನಿಸುವುದುಂಟು. 2008ರಲ್ಲಿ ಕ್ಯಾಲಿಫೋರ್ನಿಯದ ಡೇವಿಸ್ ವಿಶ್ವವಿದ್ಯಾಲಯದ ಡಾನಿಕಾ ಬನಾಶ್ ಮತ್ತು ಸಂಗಡಿಗರು ಕೆಟ್ಟ ವಂಶವಾಹಿಯನ್ನು ಪತ್ತೆಹಚ್ಚಿದ ಮೇಲೆ, ಉಚ್ಚೆ ಅಳೆಯುವ ಬದಲು ನೇರವಾಗಿ ವಂಶವಾಹಿಯನ್ನೇ ನೋಡುವಂತಾಯಿತು. 2011ರಲ್ಲಿ ಕ್ಲಬ್ ಆ ನಾಯಿಗಳನ್ನು ಒಪ್ಪಿಕೊಂಡಿತು. ಈಗ ಆ ವಂಶದ ಮರಿ ಕೊಳ್ಳುವವರು ಚುಕ್ಕೆ ಎಣಿಸುವ ಮೊದಲು ವರದಿ ಕೇಳುತ್ತಾರೆ: ಒಳ್ಳೆಯ ಪ್ರತಿ ಒಂದೋ, ಎರಡೋ?