ಊರು ಕಟ್ಟುವ ಆಟ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಮ್ಮ ಮನೆ. ದಸರಾ ರಜೆಗೆ ಬಂದಿದ್ದ ಅಕ್ಕನ ಮಗ ಒಂದು ಸಂಜೆ ಮೊಬೈಲ್ ಹಿಡಿದು ಸಪ್ಪಗೆ ಕುಳಿತಿದ್ದ. "ಏನಾಯ್ತೋ?" ಎಂದೆ. "ಮಾಮ, ನನ್ನ ಊರಿನ ಜನ ಊರು ಬಿಟ್ಟು ಹೋಗ್ತಿದ್ದಾರೆ" ಎಂದ. ಅದು ಅಂತರಜಾಲದಲ್ಲಿ ಹಲವರು ಸೇರಿ ಆಡುವ, ವ್ಯಾಪಾರ ಮಾಡಿ ಊರು ಕಟ್ಟುವ ಆಟ. ಇದ್ದ ಹಣವನ್ನೆಲ್ಲ ಅವನು ಮನೆ, ಗೋಪುರಗಳಿಗೆ ಸುರಿದಿದ್ದ. ಕಣಜದಲ್ಲಿ ಕಾಳಿರಲಿಲ್ಲ!

ಹೊಸಬರು ಮಾಡುವ ಮೊದಲ ತಪ್ಪು ಇದೇ. ಒಂದು ಮನೆ ಎಂದರೆ ಉಣ್ಣುವ ಬಾಯಿಗಳು ಎಂದರ್ಥ. ಮೊದಲು ನೀರು, ಹೊಲ, ಕಟ್ಟಿಗೆ, ಆಮೇಲೆ ಮನೆ, ಅಲಂಕಾರ ಕೊನೆಗೆ. ಕೈಯಲ್ಲಿ ಸ್ವಲ್ಪ ಹಣ ಸದಾ ಉಳಿದಿರಬೇಕು.

ಎರಡನೆಯದು ದಾರಿ. ದಾವಣಗೆರೆ ಒಂದು ಕಾಲಕ್ಕೆ ಬೇತೂರಿಗೆ ಸೇರಿದ ಸಣ್ಣ ಹಳ್ಳಿ. ಹೈದರಾಲಿ ಇದನ್ನು ಅಪೋಜಿರಾಮ್ ಎಂಬ ಮರಾಠ ಮುಖಂಡನಿಗೆ ಜಹಗೀರಾಗಿ ಕೊಟ್ಟ. ಆತ ಕರೆದದ್ದು ವರ್ತಕರನ್ನು. ಮುಂದೆ 1889ರಲ್ಲಿ ಬೆಂಗಳೂರಿನ ರೈಲುಮಾರ್ಗ ಇದೇ ದಾರಿಯಾಗಿ ಹರಿಹರ ಮುಟ್ಟಿತು. ಸರಕು ಬಂದುಹೋಗುವ ಕಡೆ ಊರು ಬೆಳೆಯುತ್ತದೆ. ಆಟದಲ್ಲೂ ನಿಮ್ಮ ಗೋದಾಮು ದಾರಿಯ ಬದಿಗಿರಲಿ.

ಮೂರನೆಯದು ಬೆಲೆ. ಎಲ್ಲರೂ ಬೆಳೆಯುವುದು ಅಗ್ಗವಾಗುತ್ತದೆ. ಎರಡು ಮೂರು ದಿನ ಪೇಟೆಯ ಧಾರಣೆ ನೋಡಿ, ಆಮೇಲೆ ಮಾರಿ. ಹತ್ತಿಗಿಂತ ನೂಲಿಗೆ, ನೂಲಿಗಿಂತ ಬಟ್ಟೆಗೆ ಹೆಚ್ಚು ಬೆಲೆ ನಿಜ. ಗಿರಣಿಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಾಲ್ಕನೆಯದು, ಒಂದೇ ಸರಕನ್ನು ನಂಬಬೇಡಿ. ಹತ್ತಿ ಗಿರಣಿಗಳಿಂದ ನಮ್ಮ ಊರು 'ಕರ್ನಾಟಕದ ಮ್ಯಾಂಚೆಸ್ಟರ್' ಎನಿಸಿಕೊಂಡಿತ್ತು. ಆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಮೆಕ್ಕೆಜೋಳ, ಅಕ್ಕಿಯ ವ್ಯಾಪಾರ, ಮಂಡಕ್ಕಿ ಭಟ್ಟಿಗಳು, ಕಾಲೇಜುಗಳು ಇದ್ದುದರಿಂದ ಊರು ನಿಂತಿತು. ಆದರೆ ಕೆಲಸ ಕಳೆದುಕೊಂಡ ಕಾರ್ಮಿಕನಿಗೆ, ಆಟದಲ್ಲಿರುವಂತೆ, ಮತ್ತೆ ಮೊದಲಿನಿಂದ ಶುರು ಮಾಡುವ ಗುಂಡಿ ಇರಲಿಲ್ಲ.

ಐದನೆಯದು ನಿಮ್ಮ ಮನೆಯ ಹಣ. ಕಟ್ಟಡ ಬೇಗ ಮುಗಿಯಲೆಂದು ಇಂಥ ಹಲವು ಆಟಗಳು ನಿಜವಾದ ರೂಪಾಯಿ ಕೇಳುತ್ತವೆ. ಕೊಡಬೇಡಿ. ಕಾಯುವುದೂ ಆಟದ ಒಂದು ಭಾಗ. ನೀವು ಪುಸ್ತಕ ಓದುವಾಗ, ಮಲಗಿದಾಗಲೂ ಹೊಲ ಬೆಳೆಯುತ್ತಿರುತ್ತದೆ, ಗಳಿಗೆಗೊಮ್ಮೆ ಇಣುಕಬೇಕಿಲ್ಲ.

ಮರುದಿನ ಹುಡುಗನನ್ನು ಕೃಷಿ ಮಾರುಕಟ್ಟೆಗೆ ಕರೆದೊಯ್ದೆ. ಮೆಕ್ಕೆಜೋಳದ ರಾಶಿಗಳ ನಡುವೆ ಒಬ್ಬ ರೈತರು ಕುಳಿತಿದ್ದರು. ಅವನು ತಾನು ಕಲಿತದ್ದನ್ನು ಕೇಳಿಯೇಬಿಟ್ಟ: "ಅಜ್ಜಾರೆ, ಈಗ ರೇಟು ಕಡಿಮೆ ಇದೆಯಲ್ಲ, ಇನ್ನೊಂದಿಷ್ಟು ದಿನ ಕಾಯಬಾರದೇ?" ಅವರು ನಕ್ಕರು. "ಕಾಯಬಹುದಪ್ಪ. ಇಡಾಕ ಜಾಗ ಬೇಕು. ಸಾಲ ಕೊಟ್ಟೋರೂ ಕಾಯಬೇಕಲ್ಲ?" ಎಂದರು.

ಹುಡುಗ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದವನೇ ಗೋಪುರ ಕೆಡವಿ ಹೊಲ ಮಾಡಿದ. ಪಕ್ಕದಲ್ಲೊಂದು ದೊಡ್ಡ ಕಣಜ ಕಟ್ಟಿದ. ನಾಲ್ಕು ದಿನಕ್ಕೆ ಅವನ ಜನ ಮರಳಿ ಬಂದರು.

ಮಿತ್ರರೇ, ಆಡಿ, ಗೆಲ್ಲಿ. ಆದರೆ ಆಟ ಮುಚ್ಚಿಟ್ಟ ಮೇಲೆ ಒಮ್ಮೆ ನಿಮ್ಮ ಊರಿನ ಸಂತೆಯನ್ನೂ ಸುತ್ತಿ ಬನ್ನಿ. ಅಲ್ಲಿ ಬೆಲೆ ಇಳಿದರೆ ಯಾರಿಗೆ ನೋವಾಗುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ.