ಕಲ್ಹುವಿನ ದಂತದ ಕೆತ್ತನೆಗಳು

ಇರಾಕಿನ ಮೋಸುಲ್ ನಗರದ ದಕ್ಷಿಣಕ್ಕೆ ನಿಮ್ರುದ್ ಎಂಬ ದಿಬ್ಬವಿದೆ. ಅದರ ಹಳೆಯ ಹೆಸರು ಕಲ್ಹು. ಕ್ರಿ.ಪೂ. 9ನೆಯ ಶತಮಾನದಲ್ಲಿ ಎರಡನೆಯ ಅಶುರ್‌ನಸಿರ್‌ಪಾಲ್ ಅದನ್ನು ಅಸ್ಸೀರಿಯದ ರಾಜಧಾನಿಯನ್ನಾಗಿ ಮಾಡಿಕೊಂಡ. 1845ರಲ್ಲಿ ಆಸ್ಟೆನ್ ಹೆನ್ರಿ ಲೇಯಾರ್ಡ್ ಅಲ್ಲಿ ಅಗೆಯಲು ತೊಡಗಿದಾಗ ಜನರ ಕಣ್ಣು ಹೋದದ್ದು ರೆಕ್ಕೆಯುಳ್ಳ ದೊಡ್ಡ ಕಲ್ಲುಗೂಳಿಗಳ ಮೇಲೆ. ಅದೇ ಮಣ್ಣಿನಲ್ಲಿ ಆನೆದಂತದ ಕೆತ್ತನೆಗಳೂ ಸಿಕ್ಕವು. ಮಂಚ, ಕುರ್ಚಿ, ಸಿಂಹಾಸನಗಳಿಗೆ ಕೂರಿಸಿದ್ದ ಅಲಂಕಾರಗಳವು. ಮರ ಮಣ್ಣಾಗಿದೆ, ದಂತ ಉಳಿದಿದೆ.

ಸಿಕ್ಕಿದ್ದು ಅಸ್ಸೀರಿಯದಲ್ಲಾದರೂ ಇವುಗಳಲ್ಲಿ ಹೆಚ್ಚಿನವು ಅಸ್ಸೀರಿಯದವರು ಕೆತ್ತಿದವಲ್ಲ. ಫಿನೀಷಿಯ ಮತ್ತು ಸಿರಿಯದ ಕುಶಲಕರ್ಮಿಗಳ ಕೆಲಸ ಇದು. ಕೆಲವು ಹಲಗೆಗಳ ಬೆನ್ನಲ್ಲಿ ಒಂದೊಂದು ಅಕ್ಷರ ಗೀಚಿದೆ. ಯಾವ ತುಂಡು ಎಲ್ಲಿ ಕೂರಬೇಕೆಂದು ಬಡಗಿಗೆ ತಿಳಿಸುವ ಗುರುತು. ಅದು ಅಸ್ಸೀರಿಯದ ಬೆಣೆಲಿಪಿಯಲ್ಲ, ಫಿನೀಷಿಯ, ಸಿರಿಯದ ಕಡೆಯವರು ಬಳಸುತ್ತಿದ್ದ ಅಕ್ಷರಮಾಲೆ. ಅರಸರ ಹೆಸರುಗಳನ್ನು ಶಾಸನಗಳು ಕಾಪಾಡಿವೆ. ದುಡಿದವರ ಕೈಬರಹವೆಂದು ನಮಗೆ ದಕ್ಕಿದ್ದು ಇಂಥ ಗೀಚುಗಳೇ. ಹಾಗಾಗಿ ಮುಂಭಾಗದ ಚೆಲುವಿನಷ್ಟೇ ಈ ಬೆನ್ನೂ ನನಗೆ ಅಮೂಲ್ಯ.

ಇವು ಕಲ್ಹುವಿಗೆ ಬಂದದ್ದು ಬಹುಪಾಲು ಕಪ್ಪವಾಗಿ, ಕೊಳ್ಳೆಯಾಗಿ. ಯೆಹೂದದ ಅರಸ ಹಿಜ್ಕೀಯನಿಂದ ದಂತದ ಮಂಚಗಳನ್ನೂ ಪೀಠಗಳನ್ನೂ ಪಡೆದೆನೆಂದು ಅಸ್ಸೀರಿಯದ ಅರಸ ಸೆನ್ನಾಕೆರಿಬ್ ತನ್ನ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಬಂದದ್ದನ್ನೆಲ್ಲ ಬಳಸಿದರೆಂದೂ ಅಲ್ಲ. ಕಲ್ಹುವಿನಲ್ಲೇ ಇದ್ದ, ಶಾಲ್ಮನೇಸರನ ಕೋಟೆ ಎಂದು ಕರೆಯುವ ಕಟ್ಟಡದ ಉಗ್ರಾಣಗಳಲ್ಲಿ ಸಾವಿರಾರು ತುಂಡುಗಳು ಸಿಕ್ಕಿವೆ.

ಕ್ರಿ.ಪೂ. 612ರ ಹೊತ್ತಿಗೆ ಮೀಡರೂ ಬ್ಯಾಬಿಲೋನಿಯರೂ ಸೇರಿ ಅಸ್ಸೀರಿಯವನ್ನು ಮುರಿದರು. ಸೂರೆಗೆ ಬಂದವರಿಗೆ ಬೇಕಿದ್ದುದು ದಂತದ ಮೇಲಿನ ಚಿನ್ನದ ತಗಡು. ಅದನ್ನು ಕಿತ್ತುಕೊಂಡು ಉಳಿದದ್ದನ್ನು ಬಿಸಾಡಿದರು. ಅರಮನೆಯ ಬಾವಿಗಳಿಗೆ ಬಿದ್ದವು ಮಾತ್ರ ಕೆಸರಿನಲ್ಲಿ ಚೆನ್ನಾಗಿ ಉಳಿದುಕೊಂಡವು. 1949ರಿಂದ ಅಲ್ಲಿ ಉತ್ಖನನ ನಡೆಸಿದ ಮ್ಯಾಕ್ಸ್ ಮ್ಯಾಲೋವನ್ ಬಾವಿಗಳ ತಳದಿಂದ ಅವನ್ನು ಎತ್ತಿಸಿದರು. ಅವರ ಪತ್ನಿ, ಕಾದಂಬರಿಕಾರ್ತಿ ಅಗಾಥಾ ಕ್ರಿಸ್ಟಿ, ಹೆಣಿಗೆಯ ಸೂಜಿ ಮತ್ತು ಮುಖಕ್ಕೆ ಹಚ್ಚುವ ಕ್ರೀಮು ಹಿಡಿದು ಕೆತ್ತನೆಯ ಸಂದಿಗಳ ಮಣ್ಣು ತೆಗೆದರು.

ಹಾಗೆ ಬಾವಿಯಿಂದ ಬಂದವುಗಳಲ್ಲಿ ಅಂಗೈಯಗಲದ ಒಂದು ಹಲಗೆ. ಕಮಲ ಮತ್ತು ಪಪೈರಸ್ ಹೂಗಳ ನಡುವೆ ಸಿಂಹಿಣಿಯೊಂದು ಆಫ್ರಿಕದ ಯುವಕನ ಕತ್ತಿಗೆ ಬಾಯಿ ಹಾಕಿದೆ. ಅವನು ಕೈಗಳನ್ನು ಹಿಂದಕ್ಕೆ ಊರಿ, ತಲೆಯನ್ನು ಹಿಂದೆ ಚೆಲ್ಲಿದ್ದಾನೆ. ಸಿಂಹಿಣಿಯ ಮುಂಗಾಲು ಅವನ ಕೊರಳನ್ನು ಬಳಸಿದೆ. ಕೊಲ್ಲುವ ಗಳಿಗೆಯಲ್ಲಿ ಅಪ್ಪುಗೆಯ ಭಂಗಿಯನ್ನು ಕಂಡ ಆ ಕಲಾವಿದ ನನ್ನ ಲೆಕ್ಕದಲ್ಲಿ ಲೋಕದ ದೊಡ್ಡ ಶಿಲ್ಪಿಗಳ ಸಾಲಿನವನು. ಹಲಗೆಯಲ್ಲಿ ನೀಲಿ ಲಾಜವರ್ದದ, ಕೆಂಪು ಕಾರ್ನೀಲಿಯನ್ನಿನ ಕುಂದಣವಿದೆ, ಚಿನ್ನವೂ ಇದೆ.

ಇಂಥವೇ ಎರಡು ಹಲಗೆಗಳು ಸಿಕ್ಕಿದ್ದವು. ಒಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಬಾಗ್ದಾದಿನ ವಸ್ತುಸಂಗ್ರಹಾಲಯದಲ್ಲಿದ್ದುದು 2003ರ ಲೂಟಿಯಲ್ಲಿ ಕಳುವಾಯಿತು. 2015ರಲ್ಲಿ ನಿಮ್ರುದಿನ ಅರಮನೆಯನ್ನೇ ಉಗ್ರರು ಸಿಡಿಮದ್ದಿಟ್ಟು ಒಡೆದರು. ಲಂಡನ್ನಿನ ಹಲಗೆಯನ್ನು ನೋಡುವ ಅವಕಾಶ ಯಾರಿಗಾದರೂ ಒದಗಿದರೆ ಆ ಯುವಕನ ತಲೆಗೂದಲನ್ನು ಹತ್ತಿರದಿಂದ ಗಮನಿಸಿ: ಅದರ ಒಂದೊಂದು ಗುಂಗುರೂ ಚಿನ್ನದ ತುದಿಯ ಪುಟ್ಟ ಮೊಳೆ.